ಸೇವೆಗೆ ಮೊದಲು ಶ್ರವಣ

ಪರರ ಊರಿಗೆ ಹೋಗಿ ಅಲ್ಲಿಯ ಜನರಿಗೆ ಹಿತವಾಗತಕ್ಕ ಕೆಲಸವೊಂದನ್ನು ಮಾಡಿ ಬರಬೇಕೆಂಬ ಇಚ್ಛೆ ತರುಣರಲ್ಲಿ ಹುಟ್ಟುವುದು ಸಹಜ. ಆ ಇಚ್ಛೆಗೆ ಶಿಕ್ಷಣವೂ ಬೇಕೆಂಬ ವಿವೇಕ ಹುಟ್ಟಬೇಕಾದರೆ ಮಾತ್ರ ಒಂದೆರಡು ಸೋಲುಗಳಾದರೂ ಆಗಬೇಕಾಗುತ್ತದೆ. ಬಾವಿ ತೋಡುವವನಿಗೆ, ಹೆರಿಗೆ ಮಾಡಿಸುವವಳಿಗೆ, ಸೊಸೈಟಿಯ ಲೆಕ್ಕ ಬರೆಯುವವನಿಗೆ ಅಭ್ಯಾಸ ಬೇಕೆಂದು ತಕರಾರಿಲ್ಲದೆ ಒಪ್ಪುವ ನಾವು, ಸಮಾಜಸೇವೆಗೆ ಹೊರಟವನಿಗೆ ಒಳ್ಳೆಯ ಮನಸ್ಸು, ಒಂದು ಟೋಪಿ, ಒಂದು ಬ್ಯಾನರು ಇಷ್ಟಿದ್ದರೆ ಸಾಕೆಂದು ಬಹುಕಾಲದಿಂದ ಭಾವಿಸಿಕೊಂಡು ಬಂದಿರುವುದು ವಿಚಿತ್ರವೇ ಸರಿ.

ಮಂಡ್ಯದ ಗುತ್ತಲಿನಲ್ಲಿ ಕುಳಿತು ಈ ವಿಷಯವನ್ನು ಚಿಂತಿಸುವುದಕ್ಕೆ ಒಂದು ಸೌಕರ್ಯವುಂಟು. ಅರ್ಕೇಶ್ವರಸ್ವಾಮಿಯ ಗುಡಿಯ ಸುತ್ತ ಒಂದು ಕಾಲಕ್ಕೆ ಪ್ರತ್ಯೇಕ ಗ್ರಾಮವಾಗಿದ್ದು, ಪಟ್ಟಣ ಬೆಳೆಯುತ್ತ ಬಂದಂತೆ ಅದರೊಳಗೇ ಸೇರಿಹೋದ ಈ ಸ್ಥಳದಲ್ಲಿ ಡೈರಿಗೆ ಹಾಲಿನ ಕ್ಯಾನು ಒಯ್ಯುವವರೂ ಕಾಲೇಜಿಗೆ ಪುಸ್ತಕ ಒಯ್ಯುವವರೂ ಬೆಳಗಿನ ಹೊತ್ತು ಒಂದೇ ರಸ್ತೆಯಲ್ಲಿ ಎದುರಾಗುತ್ತಾರೆ. ಸೇವೆ ಮಾಡಹೊರಡುವವರೂ, ಸೇವೆ ಮಾಡಿಸಿಕೊಳ್ಳಬೇಕಾದವರೆಂದು ಸರ್ಕಾರದ ಕಾಗದಗಳಲ್ಲಿ ಪರಿಗಣಿತರಾದವರೂ ಇಲ್ಲಿ ಅಕ್ಕಪಕ್ಕದ ಮನೆಯವರು. ಇಲ್ಲಿಂದ ಮದ್ದೂರಿನ ಕಡೆಗಾಗಲಿ ಮಳವಳ್ಳಿಯ ಕಡೆಗಾಗಲಿ ಹೊರಟರೆ ವಿಶ್ವೇಶ್ವರಯ್ಯ ನಾಲೆಯ ಕವಲುಗಳೂ ಗದ್ದೆಯ ಬಯಲುಗಳೂ ಕಬ್ಬಿನ ತಾಕುಗಳೂ ಆಲೆಮನೆಯ ಹೊಗೆಯೂ ದಾರಿಯುದ್ದಕ್ಕೂ ಸಿಗುತ್ತವೆ. ನೂರು ವರ್ಷಗಳೊಳಗೆ ಇಷ್ಟು ಬಗೆಯ ‘ಅಭಿವೃದ್ಧಿ’ಯನ್ನು ಕಂಡುಂಡ ಸೀಮೆ ಹಳೆಯ ಮೈಸೂರಿನಲ್ಲಿ ಮತ್ತೊಂದಿರಲಾರದು.

ಸ್ವಯಂಸೇವಕನನ್ನು ಕ್ರಮವಾಗಿ ಸಿದ್ಧಗೊಳಿಸಬೇಕೆಂಬ ಆಲೋಚನೆ ನಮ್ಮ ಸಾರ್ವಜನಿಕ ಜೀವನದೊಳಕ್ಕೆ ಬಂದ ಹಾದಿಗಳಲ್ಲಿ ಮುಖ್ಯವಾದುದೊಂದು ಆಫ್ರಿಕ ಖಂಡದ ದಕ್ಷಿಣ ತುದಿಯಿಂದ ಹೊರಟುಬಂದಿದೆ. 1899ರಲ್ಲಿ ಬೋಯರ್ ಯುದ್ಧ ತೊಡಗಿದಾಗ ನೇಟಾಲಿನ ಭಾರತೀಯರು ಸುಮಾರು 1100 ಜನರ ಒಂದು ಶುಶ್ರೂಷಾದಳವನ್ನು ಕಟ್ಟಿಕೊಂಡರಷ್ಟೆ. ಅವರಲ್ಲಿ ಬಹುಪಾಲಿನವರು ಕಬ್ಬಿನ ತೋಟಗಳಲ್ಲಿಯೂ ಗಣಿಗಳಲ್ಲಿಯೂ ಕರಾರಿನ ಕೂಲಿಗೆ ದುಡಿಯುತ್ತಿದ್ದವರು. ಗಾಯಾಳುವನ್ನು ಎತ್ತುವುದು ಹೇಗೆ, ಹೊರುವುದು ಹೇಗೆ, ಗಾಯಕ್ಕೆ ಪಟ್ಟಿ ಕಟ್ಟುವುದು ಹೇಗೆಂಬುದನ್ನು ಅವರ ನಾಯಕರಿಗೆ ಡಾಕ್ಟರ್ ಬೂತ್ ಎಂಬ ಪಾದ್ರಿ ವೈದ್ಯರು ಮುಂಚಿತವಾಗಿಯೇ ಕಲಿಸಿಕೊಟ್ಟಿದ್ದರು. ಆ ನಾಯಕರಲ್ಲೊಬ್ಬರಾಗಿದ್ದ ಗಾಂಧಿಯವರ ಸೇವಾಜೀವನದ ಮೊದಲ ಪಾಠಗಳು ಹೀಗೆ ತೀರ ಕೈಗೆಲಸದ ಪಾಠಗಳಾಗಿದ್ದುವು. ಅನಂತರ 1904ರಲ್ಲಿ ಡರ್ಬನ್ನಿನ ಸಮೀಪದ ಫೀನಿಕ್ಸ್ ಆಶ್ರಮ, 1910ರಲ್ಲಿ ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರದ ಟಾಲ್‌ಸ್ಟಾಯ್ ಫಾರ್ಮ್. ಗೆಳೆಯ ಕ್ಯಾಲನ್‌ಬಾಖ್ ಬಿಟ್ಟುಕೊಟ್ಟ 1100 ಎಕರೆಯ ಆ ತೋಟದಲ್ಲಿ ಸೆರೆಗೆ ಹೋದ ಸತ್ಯಾಗ್ರಹಿಗಳ ಸಂಸಾರಗಳು ಒಂದೇ ಅಡುಗೆಮನೆಯಲ್ಲಿ ಉಂಡು ಬಾಳಿದುವು. ಟ್ರಾಪಿಸ್ಟ್ ಸಂನ್ಯಾಸಿಗಳ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತುಬಂದ ಕ್ಯಾಲನ್‌ಬಾಖ್ ಅದನ್ನು ಉಳಿದವರಿಗೆ ಕಲಿಸಿದನು. ಸ್ವಂತ ಕೆಲಸಕ್ಕಾಗಿ ನಗರಕ್ಕೆ ಹೋಗುವವರು ಕಾಲ್ನಡಿಗೆಯಲ್ಲಿಯೇ ಹೋಗಬೇಕೆಂಬ ನಿಯಮವಿದ್ದಿತು. ಕಕ್ಕಸಿನ ಗುಂಡಿಯಿಂದ ಹಿಡಿದು ಅಡುಗೆಯವರೆಗೆ ಸಕಲ ಕಾರ್ಯವೂ ಆಳುಗಳ ನೆರವಿಲ್ಲದೆ ನಡೆಯುತ್ತಿದ್ದಿತು. ಗುರುವಾದವನು ತಾನು ಮಾಡದ ಕೆಲಸವನ್ನು ಹುಡುಗರಿಗೆ ಹೇಳಕೂಡದೆಂಬುದು ಅಲ್ಲಿಯ ಶಿಕ್ಷಣಕ್ರಮದ ತಳಹದಿಯಾಗಿದ್ದಿತು. 1913ರ ಮಹಾಪಾದಯಾತ್ರೆಯಲ್ಲಿ ಸಾವಿರಾರು ಕೂಲಿಕಾರರು ಶಾಂತಿಗೆಡದೆ ನಡೆದ ಬಗೆಯನ್ನು ನೆನೆಯುವಾಗ ಅದರ ಹಿಂದೆ ಈ ದಿನಬಳಕೆಯ ಶಿಸ್ತು ಇದ್ದಿತೆಂಬುದನ್ನು ಮರೆಯಲಾಗದು.

ಈ ತೋಟಕ್ಕೆ 1912ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಬಂದಿದ್ದರು. 1905ರಲ್ಲಿ ಅವರು ಸ್ಥಾಪಿಸಿದ್ದ ಭಾರತ ಸೇವಕ ಸಮಾಜದಲ್ಲಿ ಸದಸ್ಯನಾಗುವವನಿಗೆ ಐದು ವರ್ಷಗಳ ಶಿಕ್ಷಣ ವಿಧಿಸಲಾಗಿತ್ತೆಂಬುದನ್ನು ನೆನೆದರೆ, ಶಿಕ್ಷಣದ ವಿಷಯದಲ್ಲಿ ಅವರೆಷ್ಟು ನಿಷ್ಠುರರೆಂಬುದು ತಿಳಿಯುತ್ತದೆ. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರುವುದು ಮೂರು ವರ್ಷಗಳ ತರುವಾಯ ನಡೆದ ಸಂಗತಿ. ಇಪ್ಪತ್ತು ವರ್ಷಕ್ಕೂ ಮೀರಿ ಪರದೇಶದಲ್ಲಿ ಸಮುದಾಯದ ಕೆಲಸದಲ್ಲಿಯೇ ಪಳಗಿ, ಸೆರೆಮನೆ ಕಂಡು, ಆಶ್ರಮಗಳನ್ನು ಕಟ್ಟಿ, 1915ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಗಾಂಧಿಯವರಿಂದ ಗೋಖಲೆಯವರು ಒಂದು ವಚನವನ್ನು ಪಡೆದರು: ಒಂದು ವರ್ಷ ಕಾಲ ದೇಶವನ್ನು ಸುತ್ತಿ ನೋಡಬೇಕು, ಸಾರ್ವಜನಿಕ ಪ್ರಶ್ನೆಗಳ ಮೇಲೆ ಅಭಿಪ್ರಾಯ ಹೇಳಕೂಡದು. ಅಷ್ಟು ಅನುಭವವಿದ್ದವರಿಗೂ ಹೊಸ ನೆಲದಲ್ಲಿ ಒಂದು ವರ್ಷದ ಮೌನ ಅವಶ್ಯವಾಗಿದ್ದರೆ, ಏಳು ದಿನದ ಶಿಬಿರಕ್ಕೆ ಬಂದಿಳಿದ ಸಂಜೆಯೇ ಊರಿನವರಿಗೆ ನೈರ್ಮಲ್ಯದ ಮೇಲೆ ಭಾಷಣ ಮಾಡುವ ನಮ್ಮ ಹುಡುಗರಿಗೆ ಎಷ್ಟು ಬೇಕಾದೀತು?

ಕನ್ನಡನಾಡಿನಲ್ಲಿ ಈ ಕೆಲಸಕ್ಕೆ ಮೊದಲು ವ್ಯವಸ್ಥಿತ ರೂಪವನ್ನು ಕೊಟ್ಟವರಲ್ಲಿ ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು ಪ್ರಮುಖರು. 1923ರಲ್ಲಿ ಅವರು ಆರಂಭಿಸಿದ ಹಿಂದೂಸ್ತಾನಿ ಸೇವಾದಳವು ಮರುವರ್ಷ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ತನ್ನ ದಕ್ಷತೆಯನ್ನು ತೋರಿಸಿತು. ಕವಾಯತು, ಪ್ರಥಮ ಚಿಕಿತ್ಸೆ, ಜನಸಂದಣಿಯ ನಿಯಂತ್ರಣ, ಧ್ವಜವಂದನೆ—ಇವು ಅದರ ಪಾಠಗಳು. ಸ್ವಾತಂತ್ರ್ಯಸಮರಕ್ಕೆ ಇಂಥ ಶಿಕ್ಷಣ ಯುಕ್ತವೇ ಆಗಿದ್ದಿತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸು ನೆರೆದು, ನಿಷೇಧವನ್ನು ಮೀರಿ ಧ್ವಜವೇರಿಸಿದಾಗ ಅಷ್ಟು ದೊಡ್ಡ ಜನಸಮೂಹವನ್ನು ಸಂಬಾಳಿಸುವುದಕ್ಕೆ ಬೇಕಾಗಿದ್ದುದು ಅದೇ ಬಗೆಯ ಧೈರ್ಯ ಮತ್ತು ಶಿಸ್ತು. ಆದರೆ ಧ್ವಜವೇರಿಸುವುದು ಒಂದು ದಿನದ ಸಾಹಸ. ಗುಂಪಿನ ಮುಂದೆ ನಿಲ್ಲುವವನ ಶಿಕ್ಷಣವೇ ಬೇರೆ, ಒಂದು ಮನೆಯ ಜಗಲಿಯ ಮೇಲೆ ಕುಳಿತು ಆ ಮನೆಯವರ ಮಾತನ್ನು ಆಲಿಸತಕ್ಕವನ ಶಿಕ್ಷಣವೇ ಬೇರೆ. ಸ್ವಾತಂತ್ರ್ಯ ಬಂದ ಮೇಲೂ ನಾವು ಮೊದಲನೆಯದನ್ನೇ ಎರಡನೆಯದರ ಬದಲಿಗೆ ಬಹುಕಾಲ ಕೊಡುತ್ತ ಬಂದೆವು.

ಎರಡನೆಯ ಬಗೆಯ ಶಿಕ್ಷಣಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಪ್ರಯತ್ನ ನಡೆಯದೆ ಇರಲಿಲ್ಲ. 1940ರ ದಶಕದಲ್ಲಿ ರೂಪುಗೊಂಡ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯು ಸಾಕ್ಷರತೆಯ ತರಗತಿಗಳೊಡನೆ ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಿಕವನ್ನೂ ನಡೆಸಿತು. ಡೆನ್ಮಾರ್ಕಿನ ಜನತಾ ಪ್ರೌಢಶಾಲೆಗಳ ಮಾದರಿಯನ್ನು ಕಂಡು 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವೊಂದನ್ನು ತೆರೆಯಿತು. ಬಳಿಕ ಅಂಥ ವಿದ್ಯಾಪೀಠಗಳು ಮಂಡ್ಯ ಜಿಲ್ಲೆಯನ್ನೊಳಗೊಂಡು ರಾಜ್ಯದ ಇತರ ಕಡೆಗಳಿಗೂ ಹಬ್ಬಿದುವು. ಹಳ್ಳಿಯ ತರುಣ ರೈತರೇ ತಿಂಗಳುಗಟ್ಟಲೆ ಅಲ್ಲಿದ್ದು, ಬೇಸಾಯ, ಸಹಕಾರ, ಸಾಹಿತ್ಯ, ಹಾಡು, ಶ್ರಮದಾನ ಎಲ್ಲವನ್ನೂ ಕೂಡಿ ಕಲಿತು, ತಿರುಗಿ ತಮ್ಮ ಊರಿಗೇ ಹೋಗುತ್ತಿದ್ದರು. ಊರನ್ನು ಉದ್ಧರಿಸಲು ಹೊರಗಿನಿಂದ ಒಬ್ಬನನ್ನು ಕಳುಹಿಸುವುದರ ಬದಲು ಊರಿನವನನ್ನೇ ಕೆಲವು ಕಾಲ ಹೊರಗೆ ಕರೆದುಕೊಂಡು ಬಂದು ಹಿಂದಕ್ಕೆ ಕಳುಹಿಸುವ ಈ ಉಪಾಯದಲ್ಲಿ ಎಷ್ಟು ಜಾಣತನವಿದ್ದಿತೆಂಬುದು ಅದರ ಪಕ್ಕದಲ್ಲಿಯೇ ನಡೆದ ಮತ್ತೊಂದು ಪ್ರಯೋಗವನ್ನು ನೋಡಿದಾಗ ಸ್ಪಷ್ಟವಾಗುತ್ತದೆ.

ಆ ಪ್ರಯೋಗವೆಂದರೆ 1952ರ ಅಕ್ಟೋಬರ್ 2ರಂದು ದೇಶದ 55 ಕ್ಷೇತ್ರಗಳಲ್ಲಿ ಒಮ್ಮೆಲೆ ಉದ್ಘಾಟನೆಗೊಂಡ ಸಮುದಾಯಾಭಿವೃದ್ಧಿ ಯೋಜನೆ. ಉತ್ತರಪ್ರದೇಶದ ಇಟಾವಾದಲ್ಲಿ ಆಲ್ಬರ್ಟ್ ಮೇಯರ್ ಎಂಬ ಅಮೆರಿಕದ ವಾಸ್ತುಶಿಲ್ಪಿಯು 1948ರಲ್ಲಿ ತೊಡಗಿಸಿದ ಸಣ್ಣ ಪ್ರಯತ್ನದಿಂದ ಪ್ರೇರಣೆ ಪಡೆದ ಇದರ ಕೇಂದ್ರಪುರುಷ ಗ್ರಾಮಸೇವಕ. ಐದರಿಂದ ಹತ್ತು ಹಳ್ಳಿಗಳಿಗೆ ಒಬ್ಬನಂತೆ ನೇಮಕವಾದ ಈತ ಗೊಬ್ಬರದ ಗುಂಡಿ ತೋಡಿಸಬೇಕು, ಸುಧಾರಿತ ಬೀಜ ಹಂಚಬೇಕು, ದನಕ್ಕೆ ಚುಚ್ಚುಮದ್ದು ಹಾಕಿಸಬೇಕು, ಯುವಕ ಸಂಘ ಕಟ್ಟಬೇಕು, ರಸ್ತೆಗೆ ಶ್ರಮದಾನ ಮಾಡಿಸಬೇಕು, ಇವೆಲ್ಲಕ್ಕೂ ಲೆಕ್ಕ ಬರೆದು ಬ್ಲಾಕಿಗೆ ಒಪ್ಪಿಸಬೇಕು. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ, ಎಂದರೆ ಇಂದಿಗೂ ಜನ ‘ವಿ.ಸಿ. ಫಾರಂ’ ಎಂದು ಕರೆಯುವಲ್ಲಿ, ಬೆಳೆಗಳ ಸಂಶೋಧನೆಯೊಡನೆ ಇಂಥ ಗ್ರಾಮಸೇವಕರ ತರಬೇತಿಯೂ ನಡೆಯಿತು. ಭತ್ತದ ನಾಟಿ, ಕಬ್ಬಿನ ಬಿತ್ತನೆ ಮುಂತಾದವನ್ನು ಕೆಸರಿನಲ್ಲಿಯೇ ನಿಂತು ಕಲಿಸುವ ಸ್ಥಳವದು. ಬೇಸಾಯದ ಭಾಗದಲ್ಲಿ ಆ ಶಿಕ್ಷಣವನ್ನು ಹಳಿಯಲಾರೆ. ಕೊರತೆಯಿದ್ದುದು ಮತ್ತೊಂದು ಕಡೆಯಲ್ಲಿ. ಗ್ರಾಮಸೇವಕನಿಗೆ ಗುರಿಯನ್ನು ನಿಗದಿಮಾಡುತ್ತಿದ್ದವರು ಮೇಲಿನವರು. ಆತನ ಡೈರಿಯನ್ನು ನೋಡುತ್ತಿದ್ದವರೂ ಮೇಲಿನವರೇ. ಇಷ್ಟು ಗುಂಡಿ ತೋಡಲ್ಪಟ್ಟಿತೆಂಬುದು ಬರೆಯಲು ಸುಲಭ. ಗುಂಡಿ ಏಕೆ ಬೇಡವೆಂದು ರೈತನೊಬ್ಬ ಹೇಳಿದ ಕಾರಣವನ್ನು ಬರೆಯುವುದಕ್ಕೆ ನಮೂನೆಯಲ್ಲಿ ಅಂಕಣವೇ ಇರಲಿಲ್ಲ. 1957ರಲ್ಲಿ ಬಲವಂತರಾಯ ಮೆಹತಾ ಸಮಿತಿಯು ಈ ಯೋಜನೆಯು ಜನರ ಸ್ವಪ್ರಯತ್ನವನ್ನು ಎಚ್ಚರಿಸಲಾಗಲಿಲ್ಲವೆಂದು ತೀರ್ಮಾನಿಸಿ, ಪಂಚಾಯತಿ ರಾಜ್ಯದ ಹಾದಿ ತೋರಿಸಿತು.

ಇದೇ ಕಾಲದಲ್ಲಿ, ಮಂಡ್ಯದ ಸುತ್ತಲ ಹಳ್ಳಿಗಳಲ್ಲಿಯೇ, ಲೆಕ್ಕದ ಡೈರಿಯಿಲ್ಲದೆ ಒಬ್ಬಾಕೆ ಕುಳಿತು ಕೇಳುತ್ತಿದ್ದಳೆಂಬುದು ಚರಿತ್ರೆಯ ಒಂದು ವಿನೋದ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಈ ವಿದುಷಿಯು 1954ರಿಂದ 1956ರವರೆಗೆ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿ, ಅವುಗಳಿಗೆ ‘ವಂಗಲ’ ಮತ್ತು ‘ದಲೇನ’ ಎಂಬ ಗುಪ್ತನಾಮಗಳನ್ನಿಟ್ಟು, 1962ರಲ್ಲಿ ಗ್ರಂಥವನ್ನು ಪ್ರಕಟಿಸಿದಳು. ಒಂದಕ್ಕೆ ನಾಲೆಯ ನೀರು ಬಂದಿತು. ಮತ್ತೊಂದರ ಜಮೀನು ನಾಲೆಗಿಂತ ಎತ್ತರದಲ್ಲಿದ್ದುದರಿಂದ ಬರಲಿಲ್ಲ. ನೀರು ಬಂದ ಊರು ಸಿರಿವಂತವಾಯಿತು, ಕಬ್ಬು ಬೆಳೆಯಿತು. ಆದರೆ ಅದರ ಹಳೆಯ ಕಟ್ಟುಪಾಡುಗಳೂ ಒಡೆಯ-ಆಳುಗಳ ವಂಶಪರಂಪರೆಯ ಸಂಬಂಧಗಳೂ ಬಹುಮಟ್ಟಿಗೆ ಹಾಗೆಯೇ ನಿಂತುವು. ನೀರು ಬಾರದ ಊರಿನವರು ಕೆಲಸ ಹುಡುಕುತ್ತ, ವ್ಯಾಪಾರ ಮಾಡುತ್ತ ಮಂಡ್ಯದ ಪೇಟೆಗೂ ಕಾರ್ಖಾನೆಗೂ ಸುತ್ತಲ ಹಳ್ಳಿಗಳಿಗೂ ಓಡಾಡಿದರು. ಆ ಓಡಾಟದಲ್ಲಿ ಅವರ ಹಳೆಯ ಸಂಬಂಧಗಳು ಸಡಿಲಗೊಂಡುವು. ನೀರಾವರಿಯಿಂದ ಸಮಾಜವೂ ಮಾರ್ಪಡುವುದೆಂದು ನಂಬಿದವರ ಎಣಿಕೆ ತಲೆಕೆಳಗಾಯಿತು. ಅಕ್ಕಪಕ್ಕದ ಎರಡು ಹಳ್ಳಿಗಳಿಗೆ ಒಂದೇ ಪಾಠವನ್ನು ಹೊತ್ತುಕೊಂಡು ಹೋಗುವ ಕಾರ್ಯಕರ್ತನು ಕನಿಷ್ಠಪಕ್ಷ ಒಂದರಲ್ಲಿಯಾದರೂ ತಪ್ಪು ಪಾಠ ಹೇಳುತ್ತಿರುತ್ತಾನೆಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷ್ಯ ಬೇಕಾಗಿಲ್ಲ.

ಆಫ್ರಿಕದ ದಕ್ಷಿಣ ಭಾಗದಲ್ಲಿ ಅಷ್ಟುಹೊತ್ತಿಗೆ ಈ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ಹಿಡಿದಿದ್ದರು. 1940ರಲ್ಲಿ ನೇಟಾಲಿನ ಫೊಲೇಲಾ ಎಂಬಲ್ಲಿ ಸಿಡ್ನಿ ಕಾರ್ಕ್ ಮತ್ತು ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿಗಳು ಆರೋಗ್ಯಕೇಂದ್ರವೊಂದನ್ನು ತೆರೆದಾಗ, ಮೊದಲು ಮಾಡಿದ ಕೆಲಸವೆಂದರೆ ಜುಲು ಭಾಷೆಯನ್ನಾಡುವ ಸ್ಥಳೀಯರನ್ನೇ ಆರೋಗ್ಯ ಸಹಾಯಕರನ್ನಾಗಿ ಸಿದ್ಧಪಡಿಸಿ, ಸಣ್ಣದೊಂದು ಎಲ್ಲೆಯನ್ನು ಗೊತ್ತುಮಾಡಿಕೊಂಡು, ಮನೆಮನೆಗೂ ಕಳುಹಿಸಿ, ಯಾರು ಏನನ್ನು ಉಣ್ಣುತ್ತಾರೆ, ಎಷ್ಟು ಮಕ್ಕಳು ಉಳಿದಿದ್ದಾರೆ, ಗಂಡಸರು ಎಲ್ಲಿ ದುಡಿಯುತ್ತಿದ್ದಾರೆಂಬುದನ್ನು ತಿಳಿದುಕೊಂಡದ್ದು. ತರಕಾರಿಯ ಹಿತ್ತಲೂ ಔಷಧದ ಅಂಗವೆಂದು ಅವರು ಎಣಿಸಿದರು. ವರ್ಣಭೇದ ನೀತಿಯ ಸರ್ಕಾರಕ್ಕೆ ಈ ಪದ್ಧತಿ ಹಿಡಿಸಲಿಲ್ಲ. ಆದರೂ ಇಂದು ಲೋಕವೆಲ್ಲ ಸಮುದಾಯ ಆರೋಗ್ಯವೆಂದು ಕರೆಯುವ ವಿದ್ಯೆಯು ತನ್ನ ಹುಟ್ಟನ್ನು ಹುಡುಕುವಾಗ ಫೊಲೇಲಾದ ಹೆಸರನ್ನು ಹೇಳದಿರದು. ಬೋಟ್ಸ್‌ವಾನದ ಸೆರೋವೆಯಲ್ಲಿ 1963ರಲ್ಲಿ ಪ್ಯಾಟ್ರಿಕ್ ವಾನ್ ರೆನ್ಸ್‌ಬರ್ಗ್ ತೆರೆದ ಸ್ವಾನೆಂಗ್ ಹಿಲ್ ಶಾಲೆಯನ್ನು ವಿದ್ಯಾರ್ಥಿಗಳೇ ಶ್ರಮದಿಂದ ಕಟ್ಟಿದುದೂ, ಅದರಿಂದ ಗಾರೆ, ಬಡಗಿ ಮೊದಲಾದ ಕಸುಬುಗಳನ್ನು ದುಡಿಯುತ್ತಲೇ ಕಲಿಯುವ ‘ಬ್ರಿಗೇಡು’ಗಳು ಹುಟ್ಟಿದುದೂ ಇದೇ ಕುಲದ ಕಥೆ.

ಇವೆಲ್ಲಕ್ಕಿಂತ ತರಬೇತಿಯ ಶಾಸ್ತ್ರಕ್ಕೆ ನೇರವಾಗಿ ಸಂಬಂಧಿಸಿದುದು ಆನ್ ಹೋಪ್ ಮತ್ತು ಸ್ಯಾಲಿ ಟಿಮ್ಮೆಲ್ ಎಂಬ ಇಬ್ಬರು ಮಹಿಳೆಯರ ಕಾರ್ಯ. ಬ್ರೆಜಿಲಿನ ಶಿಕ್ಷಣತಜ್ಞ ಪಾವ್ಲೊ ಫ್ರೇರೆಯ ವಿಚಾರಗಳನ್ನು ಆಫ್ರಿಕದ ಹಳ್ಳಿಗಳಿಗೆ ಹೊಂದಿಸಿದ ಇವರಲ್ಲಿ ದಕ್ಷಿಣ ಆಫ್ರಿಕದವಳಾದ ಆನ್ ಹೋಪ್ 1972ರಲ್ಲಿ ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಸ್ಟೀವ್ ಬಿಕೊ ಮತ್ತು ಆತನ ಸಂಗಡಿಗರಿಗೆ ಸಾಕ್ಷರತಾ ಬೋಧನೆಯ ಈ ಕ್ರಮವನ್ನು ಕಲಿಸಿದಳು. ಆಮೇಲೆ ಇಬ್ಬರೂ ಕೀನ್ಯದಲ್ಲಿ ದುಡಿದು, 1984ರಲ್ಲಿ ಜಿಂಬಾಬ್ವೆಯ ಗ್ವೇರು ನಗರದಿಂದ ಕಾರ್ಯಕರ್ತರಿಗಾಗಿ ಮೂರು ಸಂಪುಟಗಳ ಕೈಪಿಡಿಯನ್ನು ಹೊರತಂದರು. ಅವರ ಕ್ರಮ ಕೇಳುವುದಕ್ಕೆ ಸರಳ. ಊರಿಗೆ ಹೋದ ಕಾರ್ಯಕರ್ತನು ಪ್ರಶ್ನಾವಳಿಯನ್ನು ಹಿಡಿಯಕೂಡದು. ನೀರು ತರುವಲ್ಲಿ, ಸಂತೆಯಲ್ಲಿ, ಬಸ್ಸಿಗೆ ಕಾಯುವಲ್ಲಿ ಜನ ತಮ್ಮ ಪಾಡಿಗೆ ಯಾವುದನ್ನು ಕುರಿತು ಮಾತನಾಡುತ್ತಾರೆ, ಯಾವ ಮಾತು ಬಂದಾಗ ಅವರ ದನಿ ಏರುತ್ತದೆ, ಯಾವುದಕ್ಕೆ ನಗುತ್ತಾರೆ ಎಂಬುದನ್ನು ಗಮನಿಸಬೇಕು. ಹಾಗೆ ಕಂಡ ಸಂಕಟವೊಂದನ್ನು ಚಿತ್ರವಾಗಿಯೋ ಸಣ್ಣ ನಾಟಕವಾಗಿಯೋ ಅವರ ಮುಂದಿಟ್ಟು, ಪರಿಹಾರ ಹೇಳದೆ, ಪ್ರಶ್ನೆಯನ್ನಷ್ಟೇ ಕೇಳಬೇಕು. ಆಚರಿಸುವುದಕ್ಕೆ ಮಾತ್ರ ಇದಕ್ಕಿಂತ ಕಠಿನವಾದುದಿಲ್ಲ. ಉತ್ತರ ಗೊತ್ತಿರುವ ಪದವೀಧರನನ್ನು ಸುಮ್ಮನಿರಿಸುವುದು ಮೂಗುದಾರವಿಲ್ಲದ ಹೋರಿಯನ್ನು ಗದ್ದೆಯ ಬದುವಿನ ಮೇಲೆ ನಡೆಸಿದಂತೆ.

ಆಫ್ರಿಕದಿಂದ ಪಡೆದ ಈ ಪಾಠಗಳ ಋಣವನ್ನು ಕರ್ನಾಟಕವು ಒಂದು ಬಗೆಯಲ್ಲಿ ತೀರಿಸಿಯೂ ಇದೆ. 1968ರಲ್ಲಿ ಟಿಬೆಟ್ಟಿನ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ ಸಂಸ್ಥೆಯು 1980ರ ದಶಕದ ಕೊನೆಗೆ ಹಳ್ಳಿಗರೇ ನೆಲದ ಮೇಲೆ ತಮ್ಮ ಊರಿನ ನಕ್ಷೆಯನ್ನು ಬರೆದು ವಿಚಾರಿಸುವ ಸಹಭಾಗಿ ಸಮೀಕ್ಷೆಯ ಕ್ರಮವನ್ನು ಬೆಳೆಸಿತು. ಅಭಿವೃದ್ಧಿಯ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಮೊದಲಾದವರ ಮೂಲಕ ಪ್ರಸಿದ್ಧವಾದ ಈ ವಿಧಾನವು ಭಾರತದ ತರಬೇತುದಾರರ ಸಂಗಡ ಆಫ್ರಿಕದ ದೇಶಗಳಿಗೂ ಹೋಯಿತು. ಮಳವಳ್ಳಿಯ ಕಡೆ ನಾಲೆಯ ಕೊನೆಭಾಗದ ಹಳ್ಳಿಯೊಂದರಲ್ಲಿ ಇಂಥ ನಕ್ಷೆ ಬರೆಯುವುದನ್ನು ನಾನು ನೋಡಿದ್ದೇನೆ. ಮಾರಿಗುಡಿಯ ಮುಂದಿನ ನೆಲವನ್ನು ಗುಡಿಸಿ ನೀರು ಚಿಮುಕಿಸಿದ್ದರು. ರಂಗೋಲಿ ಹಿಟ್ಟಿನಲ್ಲಿ ಬೀದಿಗಳು, ಇಟ್ಟಿಗೆಯ ಪುಡಿಯಲ್ಲಿ ಹೊಲಗಳು, ಹುಣಸೆಬೀಜದಲ್ಲಿ ಮನೆಗಳು. ಕಾಲೇಜಿನ ಹುಡುಗನೊಬ್ಬ ಉತ್ಸಾಹದಿಂದ ನೀಲಿಪುಡಿಯಲ್ಲಿ ನಾಲೆಯನ್ನು ಊರಿನ ಕೊನೆಯವರೆಗೂ ಎಳೆದ. ಬದಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಮುದುಕಿ ಎದ್ದು ಬಂದು, ಅರ್ಧದಿಂದಾಚೆಗಿನ ನೀಲಿಯನ್ನು ಕಾಲಿನಿಂದ ಒರಸಿ ಹಾಕಿ, “ನಾಲೆ ಅದಾ ಅಂತ ಕೇಳ್ಬೇಡ ಕನಪ್ಪ, ನೀರ್ ಬತ್ತದಾ ಅಂತ ಕೇಳು” ಎಂದಳು. ಅಲ್ಲಿಂದಾಚೆ ಮಾತು ನಾಲೆಯನ್ನು ಬಿಟ್ಟು, ಮೇಲ್ಭಾಗದವರು ಇಡುವ ಪಂಪುಗಳಿಗೂ, ಸರದಿಯ ದಿನ ರಾತ್ರಿಯೆಲ್ಲ ತೂಬಿನ ಬಳಿ ಕಾಯುವ ಹೆಂಗಸರಿಗೂ ಹರಿಯಿತು. ಯಾವ ಉಪನ್ಯಾಸಕರೂ ಆ ಹುಡುಗನಿಗೆ ಅಷ್ಟನ್ನು ಅರ್ಧ ಗಂಟೆಯಲ್ಲಿ ಕಲಿಸಲಾರರು.

ಇಂಥ ಹುಡುಗರನ್ನು ಹಳ್ಳಿಗೆ ಕಳುಹಿಸುವ ಮುಖ್ಯ ವ್ಯವಸ್ಥೆ ಈಗ ರಾಷ್ಟ್ರೀಯ ಸೇವಾ ಯೋಜನೆ. ಗಾಂಧಿ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಆಗಿನ ಶಿಕ್ಷಣಮಂತ್ರಿ ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳೊಡನೆ ಇದನ್ನು ಆರಂಭಿಸಿದರು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ದತ್ತುಗ್ರಾಮದಲ್ಲಿ ಏಳು ದಿನದ ವಿಶೇಷ ಶಿಬಿರ—ಇದು ಅದರ ಚೌಕಟ್ಟು. ಮಂಡ್ಯದ ಕಾಲೇಜುಗಳ ಶಿಬಿರಗಳನ್ನು ಕಂಡವರಿಗೆ ಅದರ ದಿನಚರಿ ಕಂಠಪಾಠ: ಬೆಳಗ್ಗೆ ಪ್ರಭಾತಫೇರಿ, ಆಮೇಲೆ ಚರಂಡಿ ತೆಗೆಯುವುದು, ಮಧ್ಯಾಹ್ನ ಉಪನ್ಯಾಸ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ಏಳನೆಯ ದಿನ ಸಮಾರೋಪ, ಹಾರ, ಫೋಟೋ. ಇದರಿಂದ ಹುಡುಗರಿಗೆ ಆಗುವ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಮೊದಲ ಬಾರಿಗೆ ಸನಿಕೆ ಹಿಡಿದವರೂ, ಬೇರೆ ಜಾತಿಯ ಸಹಪಾಠಿಯೊಡನೆ ಒಂದೇ ಪಂಕ್ತಿಯಲ್ಲಿ ಮೊದಲ ಬಾರಿಗೆ ಉಂಡವರೂ ಅಲ್ಲಿ ಇರುತ್ತಾರೆ. ಊರಿಗಾಗುವ ಉಪಕಾರದ ಮಾತು ಬೇರೆ. ಶಿಬಿರವು ಕಬ್ಬು ಕಡಿಯುವ ಕಾಲಕ್ಕೆ ಬಿದ್ದರೆ ಬೆಳಗಿನಿಂದ ಸಂಜೆಯವರೆಗೆ ಊರಿನಲ್ಲಿರುವವರು ಮುದುಕರೂ ಮಕ್ಕಳೂ ಮಾತ್ರ. ಉಪನ್ಯಾಸವನ್ನು ಶಿಬಿರಾರ್ಥಿಗಳೇ ಕೇಳಿ ಶಿಬಿರಾರ್ಥಿಗಳೇ ಚಪ್ಪಾಳೆ ತಟ್ಟಬೇಕಾಗುತ್ತದೆ. ಹೊರಡುವ ಮುನ್ನ ಆ ಊರಿನ ಬೆಳೆಯ ಪಂಚಾಂಗವನ್ನು ಕೇಳಿ ತಿಳಿಯುವುದಕ್ಕೆ ಆ 240ರಲ್ಲಿ ಎರಡು ಗಂಟೆ ವ್ಯಯವಾದರೂ ಸಾಕು.

ಏಕೆಂದರೆ ಈ ಸೀಮೆಯ ಇಂದಿನ ಸಂಕಟಗಳು ಚರಂಡಿಯಷ್ಟು ಕಣ್ಣಿಗೆ ಕಾಣುವಂಥವಲ್ಲ. 2015ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಒಬ್ಬರಾದ ಮೇಲೊಬ್ಬರು ರೈತರು ಪ್ರಾಣ ಕಳೆದುಕೊಂಡಾಗ, ಸಾಂತ್ವನಕ್ಕೆಂದು ಹೋದವರ ಪೈಕಿ ಎಷ್ಟು ಮಂದಿಗೆ ಸಾವಿನ ಮನೆಯಲ್ಲಿ ಕುಳಿತಿರುವ ಬಗೆ ತಿಳಿದಿದ್ದಿತು? 2023ರಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿಯೇ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದುದು ಬೆಳಕಿಗೆ ಬಂದಿತು. ಹೆಣ್ಣುಮಗುವನ್ನು ಉಳಿಸಿರೆಂದು ಗೋಡೆಯ ಮೇಲೆ ಬರೆದ ಹಳ್ಳಿಗಳ ನಡುವೆಯೇ ಅದು ನಡೆಯಿತು. ವರದಕ್ಷಿಣೆ, ಆಸ್ತಿ, ಅತ್ತೆಯ ಮಾತು, ಗಂಡುಮಗುವಿಲ್ಲದವಳಿಗೆ ಶುಭಕಾರ್ಯಗಳಲ್ಲಿ ಸಿಗುವ ಸ್ಥಾನ—ಇವನ್ನು ಗೋಡೆಬರಹವು ತಲುಪಲಾರದು. ಆ ಮನೆಯೊಳಕ್ಕೆ ಹೋಗಿ ಅಡುಗೆಮನೆಯ ಹೊಸ್ತಿಲ ಬಳಿ ಕೂರಬಲ್ಲವಳು ಮಾತ್ರ ತಲುಪಬಲ್ಲಳು.

ಅಂಥವಳು ನಮ್ಮ ಊರುಗಳಲ್ಲಿ ಈಗಾಗಲೇ ಇದ್ದಾಳೆ. ಆಶಾ ಕಾರ್ಯಕರ್ತೆ, ಅಂಗನವಾಡಿಯ ಟೀಚರು, ಸ್ವಸಹಾಯ ಸಂಘದ ಪುಸ್ತಕ ಬರೆಯುವವಳು—ಇವರಿಗೆ ಯಾವ ಮನೆಯಲ್ಲಿ ಮೂರನೆಯ ಬಸಿರು ಗುಟ್ಟಾಗಿ ಕಳೆದುಹೋಯಿತು, ಯಾವ ಮನೆಯವರು ಕೈಸಾಲದ ಮೇಲೆ ಕೈಸಾಲ ಮಾಡಿದ್ದಾರೆ ಎಂಬುದು ತಿಳಿದಿರುತ್ತದೆ. 2005ರಲ್ಲಿ ತೊಡಗಿದ ಗ್ರಾಮೀಣ ಆರೋಗ್ಯ ಅಭಿಯಾನವು ಆಶಾ ಕಾರ್ಯಕರ್ತೆಯರನ್ನು ಸ್ವಯಂಸೇವಕಿಯರೆಂದೇ ಕರೆದು ಸಂಬಳದ ಬದಲು ಪ್ರೋತ್ಸಾಹಧನವನ್ನು ನಿಯಮಿಸಿತು; ಗೌರವಧನವನ್ನು ಹೆಚ್ಚಿಸಬೇಕೆಂದು ಅವರು ಗುಲಾಬಿ ಬಣ್ಣದ ಸೀರೆಯುಟ್ಟು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ದಿನವಿಡೀ ದುಡಿಸಿಕೊಂಡು ಸೇವೆಯೆಂದು ಹೊಗಳುವುದು ಅಗ್ಗದ ಉಪಾಯವೆಂದೇ ನನ್ನ ಮತ. ಟಾಲ್‌ಸ್ಟಾಯ್ ಫಾರ್ಮಿನಲ್ಲಿಯೂ ಸತ್ಯಾಗ್ರಹಿಗಳ ಸಂಸಾರಗಳ ಊಟ-ಬಟ್ಟೆಯ ಹೊಣೆಯನ್ನು ಹೊತ್ತ ಮೇಲೆಯೇ ಅವರಿಂದ ತ್ಯಾಗವನ್ನು ಬಯಸಿದ್ದು.

ಕಾಲೇಜುಗಳವರು ಶಿಬಿರಕ್ಕೆ ಮೊದಲು ತಜ್ಞರನ್ನು ಕರೆಸಿ ಭಾಷಣ ಮಾಡಿಸುವ ಹಣದಲ್ಲಿ ಇಂಥ ಇಬ್ಬರು ಹೆಂಗಸರಿಗೆ ಯೋಗ್ಯ ಸಂಭಾವನೆ ಕೊಟ್ಟು ಶಿಕ್ಷಕಿಯರನ್ನಾಗಿ ಮಾಡಿಕೊಳ್ಳಬಹುದು. ಒಂದೇ ಸಲಕ್ಕೆ ಏಳು ದಿನ ಬೀಡುಬಿಡುವ ಬದಲು, ಮಳೆಗಾಲಕ್ಕೊಮ್ಮೆ, ನಾಟಿಗೊಮ್ಮೆ, ಕಟಾವಿಗೊಮ್ಮೆ, ಬೇಸಗೆಯಲ್ಲಿ ನಾಲೆ ಬತ್ತಿದಾಗೊಮ್ಮೆ ಅದೇ ಹುಡುಗರನ್ನು ಅದೇ ಊರಿಗೆ ಕಳುಹಿಸಬಹುದು. ಮೊದಲ ಭೇಟಿಯಲ್ಲಿ ಸನಿಕೆಯನ್ನೂ ಮೈಕನ್ನೂ ಒಯ್ಯಕೂಡದೆಂದು ಕಟ್ಟುಮಾಡಬಹುದು. ನಿಯಮಾವಳಿ ಇದಕ್ಕೆ ಎಡೆಗೊಡುವುದೋ ಇಲ್ಲವೋ ಎಂದು ಅಧಿಕಾರಿಗಳು ಕೇಳಿಯಾರು. ಹಾಗಿದ್ದರೆ ಮೊದಲ ಪ್ರಯೋಗವನ್ನು ಹತ್ತಿರದಲ್ಲಿಯೇ ಮಾಡಬಹುದು; ಗುತ್ತಲಿನಂಥ ಬಡಾವಣೆಗೆ ಶಿಬಿರದ ಬಸ್ಸಿನ ಖರ್ಚೂ ಬೇಕಾಗಿಲ್ಲ. ಹಳ್ಳಿಯೆಂದು ಎಣಿಕೆಗೆ ಬಾರದ ಕಾರಣ ಇದನ್ನು ಯಾವ ಕಾಲೇಜೂ ಸಾಮಾನ್ಯವಾಗಿ ದತ್ತು ತೆಗೆದುಕೊಳ್ಳುವುದಿಲ್ಲವಷ್ಟೆ.